ಕೆ.ಜಿ. ಹಳ್ಳಿಯ ಶುಗರ್ ಲೆಕ್ಕ

ಫ್ರೇಜರ್ ಟೌನಿನಿಂದ ಟ್ಯಾನರಿ ರಸ್ತೆ ಹಿಡಿದು ನಾಗವಾರದ ಕಡೆ ಹೊರಟರೆ, ದೇವರಜೀವನಹಳ್ಳಿ ಕಳೆದ ಮೇಲೆ ಕಾಡುಗೊಂಡನಹಳ್ಳಿ ಬರುತ್ತದೆ. ಪೂರ್ತಿ ಹೆಸರು ಹೇಳಿದರೆ ಆಟೊದವರು ಒಂದು ಕ್ಷಣ ಯೋಚಿಸುತ್ತಾರೆ. ಎಲ್ಲರ ಬಾಯಲ್ಲೂ ಅದು ಕೆ.ಜಿ. ಹಳ್ಳಿ. ಬೆಂಗಳೂರಿನ ಮಿಕ್ಕವರಿಗೆ ಈ ಹೆಸರು ನೆನಪಿರುವುದು 2020ರ ಆಗಸ್ಟ್ ಗಲಭೆಯಿಂದ. ಸಾರ್ವಜನಿಕ ಆರೋಗ್ಯದ ವಿಷಯ ಓದುವವರಿಗೆ ಮಾತ್ರ ಈ ವಾರ್ಡು ಅದಕ್ಕೂ ಎಷ್ಟೋ ವರ್ಷ ಮೊದಲೇ ಗೊತ್ತಿತ್ತು, ಬೇರೆಯದೇ ಕಾರಣಕ್ಕೆ.

2009–10ರಲ್ಲಿ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಸಂಸ್ಥೆಯವರು ಇಲ್ಲಿನ ಮನೆಮನೆಯ ಬಾಗಿಲು ತಟ್ಟಿದರು. ಉಪೇಂದ್ರ ಭೋಜಾನಿ, ಎನ್. ದೇವದಾಸನ್ ಮತ್ತವರ ಜೊತೆಗಾರರ ಕೆಲಸ ಅದು. 9,299 ಮನೆ, 44,514 ಜನ. ಅಲ್ಲೊಂದು ಇಲ್ಲೊಂದು ಮನೆ ಆರಿಸಿಕೊಳ್ಳದೆ ಜನಗಣತಿಯಂತೆ ಸಾಲಾಗಿ ಹೋದರು. ಯಾರಿಗೆ ಏನು ಕಾಯಿಲೆ, ಎಷ್ಟು ದಿನದಿಂದ, ಎಲ್ಲಿ ತೋರಿಸುತ್ತೀರಿ, ತಿಂಗಳಿಗೆ ಎಷ್ಟು ಖರ್ಚಾಗುತ್ತದೆ ಎಂದು ಕೇಳಿ ಬರೆದುಕೊಂಡರು. ವಯಸ್ಕರಲ್ಲಿ ನೂರಕ್ಕೆ 13.8 ಮಂದಿ ತಮಗೆ ದೀರ್ಘಕಾಲದ ಕಾಯಿಲೆ ಇದೆ ಎಂದರು. ಬಿಪಿ 10%, ಶುಗರ್ 6.4%. ‘ಶ್ರೀಮಂತರ ಕಾಯಿಲೆ’ ಎಂದು ನಾವೆಲ್ಲ ಶಾಲೆಯಲ್ಲಿ ಕೇಳಿದ್ದ ಸಕ್ಕರೆ ಕಾಯಿಲೆ ಟ್ಯಾನರಿ ರಸ್ತೆಯ ಒಂದೇ ಕೋಣೆಯ ಮನೆಗಳಲ್ಲಿ ಠಿಕಾಣಿ ಹೂಡಿ ಆಗಲೇ ಬಹಳ ದಿನವಾಗಿತ್ತು.

ಈ 13.8 ಅನ್ನುವ ಸಂಖ್ಯೆಯನ್ನು ಹುಷಾರಾಗಿ ಓದಬೇಕು. ಇದು ಜನ ತಾವೇ ಹೇಳಿಕೊಂಡದ್ದು. ರಕ್ತ ಪರೀಕ್ಷೆಯನ್ನೇ ಮಾಡಿಸದವನು ‘ನನಗೇನಿಲ್ಲ, ಚೆನ್ನಾಗಿದ್ದೀನಿ’ ಎಂದೇ ಹೇಳುತ್ತಾನೆ. ಅಮರ್ತ್ಯ ಸೇನ್ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ ಪುಟ್ಟ ಲೇಖನವೊಂದು ಇದನ್ನೇ ಹೇಳುತ್ತದೆ: ದೇಶದಲ್ಲೇ ಹೆಚ್ಚು ಕಾಲ ಬದುಕುವ ಕೇರಳದವರು ‘ನಮಗೆ ಕಾಯಿಲೆ’ ಎಂದು ಹೆಚ್ಚು ಹೇಳಿಕೊಳ್ಳುತ್ತಾರೆ, ಆಯಸ್ಸು ಕಡಿಮೆಯಿರುವ ಬಿಹಾರದವರು ಕಡಿಮೆ ಹೇಳಿಕೊಳ್ಳುತ್ತಾರೆ. ಆಸ್ಪತ್ರೆ ಹತ್ತಿರವಿದ್ದವನಿಗೆ ಕಾಯಿಲೆ ಕಾಣಿಸುತ್ತದೆ. ಇಲ್ಲದವನು ಸುಸ್ತನ್ನೂ ಕಾಲುರಿಯನ್ನೂ ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಾಗುತ್ತಾನೆ. ಹಾಗಾಗಿ ಕೆ.ಜಿ. ಹಳ್ಳಿಯ ನಿಜವಾದ ಲೆಕ್ಕ ಇದಕ್ಕಿಂತ ಹೆಚ್ಚೇ ಇದ್ದೀತು.

ನನಗೆ ಮುಖ್ಯ ಅನಿಸಿದ್ದು ಮುಂದಿನ ಭಾಗ. ದೀರ್ಘಕಾಲದ ಕಾಯಿಲೆ ಇದೆ ಎಂದ 3,202 ಮನೆಗಳನ್ನು ಬೇರೆ ಮಾಡಿ ದುಡ್ಡಿನ ಲೆಕ್ಕ ಹಾಕಿದರು. ಆಸ್ಪತ್ರೆಗೆ ಸೇರಿಸಿದ ಖರ್ಚಲ್ಲ. ಬರೀ ಹೋಗಿ ತೋರಿಸಿ, ಮಾತ್ರೆ ತಂದ ಖರ್ಚು. ನೂರಕ್ಕೆ ಸುಮಾರು ಎಪ್ಪತ್ತು ಮನೆಗಳು ಕೈಯಿಂದ ದುಡ್ಡು ಹಾಕುತ್ತಿದ್ದವು. ನೂರಕ್ಕೆ ಹದಿನಾರು ಮನೆಗಳಲ್ಲಿ ಈ ಖರ್ಚು ಆದಾಯದ ಹತ್ತನೇ ಒಂದು ಪಾಲನ್ನು ದಾಟಿತ್ತು. ಇನ್ನೊಂದು ಲೆಕ್ಕ ಓದಿ ನಾನು ಪುಟ ಹಿಂದಕ್ಕೆ ತಿರುಗಿಸಿ ಮತ್ತೆ ನೋಡಿದೆ: ಈ ಖರ್ಚನ್ನು ಆದಾಯದಿಂದ ಕಳೆದರೆ, ಒಂದೇ ತಿಂಗಳಲ್ಲಿ ಬಡತನದ ಗೆರೆಯ ಕೆಳಗಿರುವವರ ಸಂಖ್ಯೆ ಎರಡರಷ್ಟಾಗುತ್ತದೆ.

ದೊಡ್ಡ ಆಪರೇಷನ್ನಿಗೆ ಜಮೀನು ಮಾರಿದ ಕಥೆ ನಮಗೆಲ್ಲ ಗೊತ್ತು. ಅದಕ್ಕೆ ವಿಮೆ ಇದೆ, ಯೋಜನೆ ಇದೆ, ಶಾಸಕರ ಪತ್ರ ಇದೆ. ಶುಗರ್ ಮಾತ್ರೆಗೆ ಜಮೀನು ಮಾರುವವರಿಲ್ಲ. ಈ ಸಮೀಕ್ಷೆಯಲ್ಲೂ ಒಡವೆ ವಸ್ತು ಮಾರಿದ್ದು ಅಥವಾ ಅಡ ಇಟ್ಟಿದ್ದು 0.4% ಸಂದರ್ಭಗಳಲ್ಲಿ, ಸಾಲ ಮಾಡಿದ್ದು 4.2% ಸಂದರ್ಭಗಳಲ್ಲಿ. ಮಿಕ್ಕಿದ್ದು ದಿನದ ದುಡಿಮೆಯಲ್ಲೇ ಸದ್ದಿಲ್ಲದೆ ಕಳೆದುಹೋಗುತ್ತದೆ. ಹಾಲು ಅರ್ಧ ಲೀಟರು ಕಡಿಮೆಯಾಗಿರಬಹುದು, ಮಗಳ ಟ್ಯೂಷನ್ ನಿಂತಿರಬಹುದು. ಯಾವ ಯೋಜನೆಯ ಕಣ್ಣಿಗೂ ಬೀಳದಷ್ಟು ಸಣ್ಣ ಖರ್ಚು ಇದು. ಆದರೆ ಸಾಯುವವರೆಗೂ ಪ್ರತಿ ತಿಂಗಳೂ ಬರುತ್ತದೆ.

ತಿಂಗಳ ಕೊನೆಯ ವಾರ ಶಿವಾಜಿನಗರ ಬಸ್ ನಿಲ್ದಾಣದ ಸುತ್ತಲಿನ ಯಾವುದಾದರೂ ಮೆಡಿಕಲ್ ಶಾಪಿನ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ‘ಭಾಯ್, ಐದೇ ಕೊಡಿ, ಸಂಬಳ ಆದ್ಮೇಲೆ ಮಿಕ್ಕಿದ್ದು ತಗೋತೀನಿ’ ಎನ್ನುವವರು ಸಿಗುತ್ತಾರೆ. ಅಂಗಡಿಯವರು ಕತ್ತರಿ ತೆಗೆದು ಶೀಟನ್ನು ಅರ್ಧಕ್ಕೆ ಕತ್ತರಿಸುತ್ತಾರೆ. ಮಾತ್ರೆಯ ಹೆಸರು, ಎಕ್ಸ್‌ಪೈರಿ ತಾರೀಖು ಇರುವ ತುದಿ ಅಂಗಡಿಯಲ್ಲೇ ಉಳಿಯುತ್ತದೆ. ಮನೆಗೆ ಹೋಗುವುದು ಹೆಸರಿಲ್ಲದ ಐದು ಗುಳಿಗೆ. ಬೆಳಗ್ಗೆ ಒಂದು, ರಾತ್ರಿ ಒಂದು ಎಂದು ಡಾಕ್ಟರ್ ಬರೆದಿದ್ದರೂ ಇದನ್ನು ದಿನಕ್ಕೊಂದರಂತೆ ಐದು ದಿನ ಎಳೆಯುತ್ತಾರೆ. ಮುಂದಿನ ಸಲ ರಿಪೋರ್ಟಿನಲ್ಲಿ ಶುಗರ್ ಏರಿರುತ್ತದೆ. ಡಾಕ್ಟರ್ ಬೈಯುತ್ತಾರೆ: ‘ಏನಮ್ಮ, ಸ್ವೀಟ್ ತಿಂದ್ರಾ?’ ಆಕೆ ಸುಮ್ಮನೆ ತಲೆ ತಗ್ಗಿಸುತ್ತಾಳೆ. ಮಾತ್ರೆಯ ಡೋಸು ಹೆಚ್ಚಾಗುತ್ತದೆ. ಬಿಲ್ಲೂ ಹೆಚ್ಚಾಗುತ್ತದೆ.

ಲ್ಯಾಬಿನ ಚೀಟಿಯಲ್ಲಿ ಈ ಕತ್ತರಿಗೆ ಜಾಗವಿಲ್ಲ. ವಾಸಿಯಾಗದ ಕಾಯಿಲೆ ಇಟ್ಟುಕೊಂಡು ಬದುಕುವವರ ಜೀವನದ ಗುಣಮಟ್ಟ ಅಳೆಯುವ ಸಂಶೋಧನೆ ಶುರುವಾದದ್ದೇ ಇಂಥ ಕೊರತೆಯಿಂದ. ವಾಸಿಯಾಗುವ ಕಾಯಿಲೆಯಲ್ಲಿ ಪ್ರಶ್ನೆ ಸುಲಭ: ಹೋಯಿತೋ ಇಲ್ಲವೋ? ಮೂವತ್ತು ವರ್ಷ ಜೊತೆಗೇ ಇರುವ ಕಾಯಿಲೆಯಲ್ಲಿ ಆ ಪ್ರಶ್ನೆಗೆ ಅರ್ಥವಿಲ್ಲ. ನಿದ್ದೆ ಬರುತ್ತಿದೆಯೇ, ಮೆಟ್ಟಿಲು ಹತ್ತಬಲ್ಲಿರಾ, ಮದುವೆ ಮನೆಗೆ ಹೋಗುತ್ತೀರಾ ಎಂದು ಕೇಳಬೇಕಾಗುತ್ತದೆ. ಉತ್ತರ ಹೇಳಬೇಕಾದವರು ರೋಗಿಯೇ.

ಕೇಳುವುದೇನೋ ಸರಿ, ಏನು ಕೇಳುವುದು? 1990ರ ದಶಕದಲ್ಲಿ ಅಮೆರಿಕದಿಂದ ಹೊರಟು ಪ್ರಪಂಚ ಸುತ್ತಿದ ಎಸ್‌ಎಫ್-36 ಎಂಬ ಪ್ರಶ್ನಾವಳಿ ಇದೆ, ಮೂವತ್ತಾರು ಪ್ರಶ್ನೆ. ಅದರಲ್ಲಿ ಸಾಧಾರಣ ಶ್ರಮದ ಕೆಲಸಕ್ಕೆ ಕೊಟ್ಟ ಉದಾಹರಣೆಗಳು: ಮೇಜು ಸರಿಸುವುದು, ವ್ಯಾಕ್ಯೂಮ್ ಕ್ಲೀನರ್ ತಳ್ಳುವುದು, ಬೌಲಿಂಗ್, ಗಾಲ್ಫ್. ಬೆಂಗಳೂರಿನ ಪೂರ್ವಕ್ಕೆ ಗಾಲ್ಫ್ ಗೊತ್ತಿಲ್ಲವೆಂದಲ್ಲ. ದೊಮ್ಮಲೂರು ದಾಟಿದರೆ ಹಳೇ ಏರ್‌ಪೋರ್ಟ್ ರಸ್ತೆಯ ಪಕ್ಕದಲ್ಲೇ ಗಾಲ್ಫ್ ಮೈದಾನವಿದೆ. ಕೆ.ಜಿ. ಹಳ್ಳಿಯವರು ಅಲ್ಲಿಗೆ ಹೋದರೆ ಹುಲ್ಲು ಕತ್ತರಿಸಲು ಹೋದಾರು. ಇಲ್ಲಿ ಕೇಳಬೇಕಾದದ್ದು ಬೇರೆ. ಕಾವೇರಿ ನೀರು ಬಂದ ಹೊತ್ತಿಗೆ ಬಿಂದಿಗೆ ಎತ್ತಲಾಗುತ್ತದೆಯೇ? ನಮಾಜಿನಲ್ಲಿ ಸಜ್ದಾ ಮಾಡಿ ಎದ್ದೇಳಲು ಮಂಡಿ ಬಿಡುತ್ತದೆಯೇ? ಪಾಯಿಖಾನೆಯಲ್ಲಿ ಕುಕ್ಕರುಗಾಲಲ್ಲಿ ಕೂರಲು ಆಗುತ್ತದೆಯೇ?

ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಸರಿಮಾಡಲು ಹೊರಟಿತು. ಒಂದೇ ದೇಶದಲ್ಲಿ ಬರೆದು ಉಳಿದೆಡೆ ಅನುವಾದಿಸುವ ಬದಲು, ಹದಿನೈದು ಕೇಂದ್ರಗಳಲ್ಲಿ ಒಟ್ಟೊಟ್ಟಿಗೆ ಜನರನ್ನು ಮಾತಾಡಿಸಿ ಪ್ರಶ್ನೆ ರೂಪಿಸಿದರು. ನಮ್ಮ ದೇಶದಿಂದ ದಿಲ್ಲಿ, ಮದರಾಸು ಅದರಲ್ಲಿದ್ದವು. ಮೊದಲು ಬಂದದ್ದು ನೂರು ಪ್ರಶ್ನೆಯದು, ಆಮೇಲೆ ಇಪ್ಪತ್ತಾರು ಪ್ರಶ್ನೆಯ ಚಿಕ್ಕದು. ಕನ್ನಡದಲ್ಲೂ ಇದೆ, ಕರ್ನಾಟಕದ ಮೆಡಿಕಲ್ ಕಾಲೇಜುಗಳ ಎಷ್ಟೋ ಪ್ರಬಂಧಗಳು ಇದರ ಮೇಲೆಯೇ ನಿಂತಿವೆ. ಕಳೆದ ಎರಡು ವಾರ ಹೇಗಿದ್ದಿರಿ ಎಂದು ಕೇಳಿ, ಒಂದರಿಂದ ಐದರವರೆಗೆ ಗುರುತು ಹಾಕಿಸುತ್ತಾರೆ. ದೇಹದ ಬಗ್ಗೆ ಏಳು ಪ್ರಶ್ನೆ, ಮನಸ್ಸಿನ ಬಗ್ಗೆ ಆರು, ನೆಂಟರಿಷ್ಟರ ಬಗ್ಗೆ ಮೂರು. ಸುತ್ತಮುತ್ತಲಿನ ಬದುಕಿನ ಬಗ್ಗೆ, ಅಂದರೆ ಕೈಯಲ್ಲಿ ಕಾಸು, ವಾಸದ ಮನೆ, ಓಡಾಟಕ್ಕೆ ವಾಹನ, ಆಸ್ಪತ್ರೆ ಸಿಗುವುದು ಇತ್ಯಾದಿಗಳಿಗೆ, ಎಲ್ಲಕ್ಕಿಂತ ಹೆಚ್ಚು, ಎಂಟು. ದಿಲ್ಲಿಯ ಸಂಶೋಧಕರು 2010ರಲ್ಲಿ ಭಾರತದ ಶುಗರ್ ರೋಗಿಗಳಿಗೆಂದೇ ಮೂವತ್ತನಾಲ್ಕು ಪ್ರಶ್ನೆಗಳ ಇನ್ನೊಂದು ಅಳತೆಗೋಲು ತಂದರು. ಅದರ ಎಂಟು ಭಾಗಗಳಲ್ಲಿ ಒಂದು ಪೂರ್ತಿ ದುಡ್ಡಿನ ಚಿಂತೆಗೆ, ಇನ್ನೊಂದು ಪಥ್ಯಕ್ಕೆ.

ಪಥ್ಯಕ್ಕೆ ಬೇರೆ ಭಾಗ ಇಟ್ಟದ್ದು ಸರಿಯಾಯಿತು. ಡಯಟ್ ಚಾರ್ಟು ಬರೆದವರು ಪ್ರತಿಯೊಬ್ಬರಿಗೂ ಒಂದು ತಟ್ಟೆ ಇಟ್ಟುಕೊಂಡು ಬರೆದಂತಿರುತ್ತದೆ. ಇಲ್ಲಿ ಆರು ಜನಕ್ಕೆ ಒಂದೇ ಪಾತ್ರೆ. ಅಮ್ಮನಿಗೆ ಶುಗರ್ ಎಂದು ಎಲ್ಲರಿಗೂ ಅನ್ನ ಕಡಿಮೆ ಮಾಡಲಾಗುವುದಿಲ್ಲ. ತನಗೊಬ್ಬಳಿಗೆ ಚಪಾತಿ ಲಟ್ಟಿಸಿಕೊಳ್ಳಲು ಅವಳಿಗೆ ಹೊತ್ತೂ ಇಲ್ಲ, ಮನಸ್ಸೂ ಬರುವುದಿಲ್ಲ. ಕೆ.ಜಿ. ಹಳ್ಳಿಯ ಅದೇ ತಂಡ 2013ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಮಧುಮೇಹಿಗಳನ್ನು ಕೂರಿಸಿಕೊಂಡು ದೀರ್ಘವಾಗಿ ಮಾತಾಡಿಸಿದೆ. ಕೈಯಲ್ಲಿ ಕಾಸಿಲ್ಲದ್ದು, ಸರ್ಕಾರಿ ಕೇಂದ್ರದಲ್ಲಿ ಮಾತ್ರೆಯೋ ಪರೀಕ್ಷೆಯೋ ಸಿಗದ್ದು, ಡಾಕ್ಟರು ಬಿಡಿಸಿ ಹೇಳದ್ದು, ಒಂದು ಆಸ್ಪತ್ರೆಗೂ ಇನ್ನೊಂದಕ್ಕೂ ಸಂಪರ್ಕವೇ ಇಲ್ಲದ್ದು ಎಲ್ಲ ಹೊರಬಂತು. ಜೊತೆಗೆ ಮನೆಯೊಳಗೆ ಯಾರ ಮಾತು ನಡೆಯುತ್ತದೆ ಅನ್ನುವುದೂ ಬಂತು. ಹೆಂಗಸರು ಮತ್ತು ವಯಸ್ಸಾದವರು ತಮ್ಮ ಆರೈಕೆಯನ್ನು ತಾವೇ ನಿರ್ಧರಿಸುವ ಸ್ಥಿತಿಯಲ್ಲಿರಲಿಲ್ಲ. ರಂಜಾನ್ ತಿಂಗಳಲ್ಲಿ ಮಾತ್ರೆಯ ಹೊತ್ತನ್ನು ಸಹರಿಗೂ ಇಫ್ತಾರಿಗೂ ಹೇಗೆ ಹೊಂದಿಸಬೇಕು ಎಂಬುದು ಟ್ಯಾನರಿ ರಸ್ತೆಯಲ್ಲಿ ಪ್ರತಿ ವರ್ಷದ ಪ್ರಶ್ನೆ. ಅದನ್ನು ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳುವವರು ಎಷ್ಟು ಜನ?

ಇಷ್ಟೆಲ್ಲ ತಿಳಿದ ಮೇಲೆ ಏನಾದರೂ ಮಾಡೋಣ ಎಂದು ಆ ತಂಡದವರು ಹೊರಟದ್ದೇ ನನಗೆ ಈ ಕಥೆಯ ಸತ್ವ ಎನಿಸುತ್ತದೆ. ಅದೇ ಪ್ರದೇಶದ ನಾಲ್ಕು ಆಸ್ಪತ್ರೆ–ಕ್ಲಿನಿಕ್ಕುಗಳಲ್ಲಿ ಆರು ತಿಂಗಳು ಮೂರು ಕೆಲಸ ಹಮ್ಮಿಕೊಂಡರು: ರೋಗಿಗಳಿಗೆ ಅವರ ಭಾಷೆ, ಅವರ ಊಟ ತಿಂಡಿಗೆ ಹೊಂದುವ ತಿಳಿವಳಿಕೆ; ಕಡಿಮೆ ಬೆಲೆಯ ಜನರಿಕ್ ಮಾತ್ರೆ; ಡಾಕ್ಟರುಗಳಿಗೆ ಚಿಕಿತ್ಸೆಯ ಒಂದೇ ಕ್ರಮ. ಇನ್ನು ನಾಲ್ಕು ಕಡೆ ಏನೂ ಬದಲಿಸದೆ ಹೋಲಿಸಿ ನೋಡಿದರು. 2015ರಲ್ಲಿ ಫಲಿತಾಂಶ ಅಚ್ಚಾಯಿತು. ರೋಗಿಗಳ ತಿಳಿವಳಿಕೆ, ಖರ್ಚು, ಶುಗರ್ ಮಟ್ಟ, ಯಾವುದರಲ್ಲೂ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಜನರಿಕ್ ಮಾತ್ರೆ ಬರೆಸಿಕೊಂಡವರು ನೂರಕ್ಕೆ 7.2.

ಕಾರಣವನ್ನೂ ಮುಚ್ಚಿಡದೆ ಬರೆದಿದ್ದಾರೆ. ಜನರಿಕ್ ಮೇಲೆ ಡಾಕ್ಟರುಗಳಿಗೇ ನಂಬಿಕೆ ಇರಲಿಲ್ಲ. ಗುಣಮಟ್ಟ ಹೇಗೋ, ಬೇಕಾದಾಗ ಸಿಗುತ್ತದೋ ಇಲ್ಲವೋ, ರೋಗಿ ಒಪ್ಪುತ್ತಾನೋ ಇಲ್ಲವೋ ಎಂಬ ಅಳುಕು. ರೋಗಿಗೂ ಅಷ್ಟೇ. ಫೀಸು ಕೊಟ್ಟು ಬಂದವನಿಗೆ ‘ವಾಕಿಂಗ್ ಮಾಡಿ, ಮಾತ್ರೆ ಆಮೇಲೆ ನೋಡೋಣ’ ಎಂದರೆ ಮೋಸ ಹೋದಂತೆ ಅನಿಸುತ್ತದೆ. ಇನ್ನೊಂದು ಕಾರಣ ಹೊರಗಿನವರಿಗೆ ಹೊಳೆಯುವುದೇ ಇಲ್ಲ: ಗಲ್ಲಿಯ ಡಾಕ್ಟರು ಚಿಕಿತ್ಸೆ ಶುರು ಮಾಡಿದವರಲ್ಲ. ದೊಡ್ಡಾಸ್ಪತ್ರೆಯ ಸ್ಪೆಷಲಿಸ್ಟ್ ಬರೆದದ್ದನ್ನು ಮುಂದುವರಿಸುವವರು. ‘ದೊಡ್ಡ ಡಾಕ್ಟ್ರು’ ಬರೆದ ಬ್ರಾಂಡನ್ನು ಬದಲಿಸಿ, ನಾಳೆ ಏನಾದರೂ ಆದರೆ ಯಾರು ಹೊಣೆ? ಸೋತ ಪ್ರಯೋಗವನ್ನು ಇಷ್ಟು ವಿವರವಾಗಿ ಅಚ್ಚು ಹಾಕಿಸುವವರು ಅಪರೂಪ. ಗೆದ್ದ ಹತ್ತು ಪ್ರಯೋಗಗಳ ವರದಿಗಿಂತ ಇದರಿಂದ ಕಲಿಯುವುದು ಹೆಚ್ಚಿದೆ ಎಂದು ನಾನು ನಂಬಿದ್ದೇನೆ.

ಇಂಥದೇ ಇನ್ನೊಂದು ಸೋಲು ಕೋರಮಂಗಲದ ಸೇಂಟ್ ಜಾನ್ಸ್‌ನಿಂದ ಬಂತು, ಈ ಸಲ ಎಚ್‌ಐವಿ ವಿಷಯದಲ್ಲಿ. ಅದಕ್ಕೆ ಮೊದಲು ಶಿವಾಜಿನಗರಕ್ಕೆ ವಾಪಸು ಬರಬೇಕು. 2004ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಎಚ್‌ಐವಿಗೆ ಉಚಿತ ಎಆರ್‌ಟಿ ಮಾತ್ರೆ ಶುರು ಮಾಡಿದಾಗ ಇಡೀ ದೇಶದಲ್ಲಿ ಎಂಟು ಆಸ್ಪತ್ರೆಗಳನ್ನು ಆರಿಸಿತ್ತು. ಅವುಗಳಲ್ಲಿ ನಮ್ಮ ಬೌರಿಂಗ್ ಆಸ್ಪತ್ರೆ ಒಂದು. ಮೈಸೂರು ಸೀಮೆಯ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗನ ಹೆಸರಿನ ಈ ಹಳೆಯ ದಂಡು ಆಸ್ಪತ್ರೆಗೆ ಆಗ ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು. ಸಾವಿನ ಕಾಯಿಲೆ ಎಂದುಕೊಂಡಿದ್ದು ಮಾತ್ರೆ ನುಂಗುತ್ತಾ ಬದುಕುವ ಕಾಯಿಲೆಯಾಗಿ ಬದಲಾದದ್ದು ಇಂಥ ಕೌಂಟರುಗಳ ಮುಂದೆ.

ಅದೇ ಕಾಲಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಎಚ್‌ಐವಿ ಇರುವವರಿಗೆಂದೇ ಬೇರೆ ಪ್ರಶ್ನಾವಳಿ ಸಿದ್ಧಮಾಡುತ್ತಿತ್ತು. ಜಗತ್ತಿನ ಕೆಲವೇ ಕೇಂದ್ರಗಳಲ್ಲಿ ಬೆಂಗಳೂರೂ ಒಂದಾಗಿತ್ತು, ನಿಮ್ಹಾನ್ಸ್‌ನ ಡಾ. ಪ್ರಭಾ ಚಂದ್ರ ಇಲ್ಲಿನ ಕೆಲಸ ನೋಡಿಕೊಂಡರು. ಮಾಮೂಲಿ ಪ್ರಶ್ನೆಗಳ ಜೊತೆಗೆ ಇಲ್ಲಿ ಹೊಸದಾಗಿ ಸೇರಿದವನ್ನು ನೋಡಿ: ನಾಲ್ಕು ಜನ ನಿಮ್ಮನ್ನು ಸೇರಿಸಿಕೊಳ್ಳುತ್ತಾರೆಯೇ, ಈ ಕಾಯಿಲೆಗಾಗಿ ಜನ ನಿಮ್ಮನ್ನು ದೂರುವುದು ಕಾಡುತ್ತದೆಯೇ, ಮುಂದೇನೋ ಎಂಬ ಭಯವಿದೆಯೇ, ಸಾವಿನ ಯೋಚನೆ ಕಾಡುತ್ತದೆಯೇ. ರಕ್ತ ಪರೀಕ್ಷೆಯ ಸಿ.ಡಿ.4 ಎಣಿಕೆ ಇವಕ್ಕೆ ಉತ್ತರ ಕೊಡುವುದಿಲ್ಲ. ಪ್ರಭಾ ಚಂದ್ರ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಗಂಡಸರನ್ನೂ ಹೆಂಗಸರನ್ನೂ ಹೋಲಿಸಿತು. ವಾಸ, ವರಮಾನ, ಸೌಕರ್ಯದ ವಿಷಯದಲ್ಲಿ ಗಂಡಸರ ಅಂಕ ಹೆಚ್ಚು. ನಂಬಿಕೆ, ಅಧ್ಯಾತ್ಮದಲ್ಲಿ ಹೆಂಗಸರ ಅಂಕ ಹೆಚ್ಚು. ಗಂಡನಿಂದ ಸೋಂಕು ಬಂದು, ಅವನು ತೀರಿಕೊಂಡ ಮೇಲೆ ತವರಿನ ಮೂಲೆಯಲ್ಲಿ ಬದುಕುವ ಹೆಣ್ಣುಮಗಳನ್ನು ಕಂಡವರಿಗೆ ಈ ಎರಡು ಅಂಕಗಳು ಯಾಕೆ ಹೀಗೆ ಬಂದವೆಂದು ವಿವರಿಸಬೇಕಿಲ್ಲ.

ಸೇಂಟ್ ಜಾನ್ಸ್‌ನ ಡಾ. ಅನಿತಾ ಶೆಟ್ ತಂಡದ ಪ್ರಯೋಗ 2014ರಲ್ಲಿ ಪ್ರಕಟವಾಯಿತು. ದಕ್ಷಿಣ ಭಾರತದ ಮೂರು ಕೇಂದ್ರಗಳಲ್ಲಿ ಹೊಸದಾಗಿ ಮಾತ್ರೆ ಶುರುಮಾಡಿದ 631 ಜನ. ಅರ್ಧ ಜನಕ್ಕೆ ವಾರಕ್ಕೊಮ್ಮೆ ಮೊಬೈಲಿಗೆ ತಾನಾಗಿ ಬರುವ ಕರೆ, ಜೊತೆಗೊಂದು ಚಿತ್ರದ ಮೆಸೇಜು. ಮಾತ್ರೆ ಮರೆಯದಿರಲಿ ಎಂದು. ಆಫ್ರಿಕಾದಲ್ಲಿ ಇಂಥದು ಕೆಲಸ ಮಾಡಿತ್ತು. ಇಲ್ಲಿ ಸುಮಾರು ಎರಡು ವರ್ಷ ನೋಡಿದರೂ ಕರೆ ಬಂದವರಿಗೂ ಬಾರದವರಿಗೂ ವ್ಯತ್ಯಾಸವೇ ಕಾಣಲಿಲ್ಲ. ಮಾತ್ರೆ ತಪ್ಪುವುದಕ್ಕೆ ಮರೆವೇ ಕಾರಣ ಎಂದು ನಾವು ಸುಲಭವಾಗಿ ಅಂದುಕೊಳ್ಳುತ್ತೇವೆ. ಅತ್ತೆಯ ಎದುರು ಡಬ್ಬಿ ತೆರೆಯಲಾಗದವಳಿಗೆ, ಬೌರಿಂಗಿಗೆ ಬರಲು ರಜೆ ಹಾಕಿ ಅರ್ಧ ದಿನದ ಕೂಲಿ ಕಳೆದುಕೊಳ್ಳುವವನಿಗೆ ಫೋನು ಏನು ನೆನಪಿಸೀತು?

ಜೀವನದ ಗುಣಮಟ್ಟದ ಈ ಅಂಕಗಳ ಬಗ್ಗೆ ಒಂದು ತಕರಾರೂ ಇದೆ. ಕಾಯಿಲೆ ಹೆಚ್ಚಾದರೂ ಅಂಕ ಇಳಿಯದೆ, ಕೆಲವೊಮ್ಮೆ ಏರುವುದುಂಟು. 1999ರಲ್ಲಿ ಸ್ಪ್ರಾಂಗರ್ಸ್ ಮತ್ತು ಶ್ವಾರ್ಟ್ಸ್ ಎಂಬ ಇಬ್ಬರು ಸಂಶೋಧಕರು ಇದಕ್ಕೊಂದು ಚೌಕಟ್ಟು ಕೊಟ್ಟರು: ಕಾಯಿಲೆಯ ಜೊತೆ ಬದುಕುತ್ತಾ ಮನುಷ್ಯ ತನ್ನ ಅಳತೆಗೋಲನ್ನೇ ಬದಲಿಸಿಕೊಳ್ಳುತ್ತಾನೆ. ನಡೆಯಲಾಗದಿದ್ದರೇನು, ಮೊಮ್ಮಗು ತೊಡೆಯ ಮೇಲಿದೆಯಲ್ಲ ಎನ್ನುತ್ತಾನೆ. ಅದು ನಿಜವಾದ ನೆಮ್ಮದಿಯೇ ಇರಬಹುದು. ಬೇರೆ ದಾರಿ ಕಾಣದೆ ಒಪ್ಪಿಕೊಂಡದ್ದೂ ಇರಬಹುದು. ‘ಹೇಗಿದ್ದೀರಿ ಅಜ್ಜಿ?’ ಎಂದರೆ ‘ಏನೋ ಹಿಂಗೇ ನಡೀತಾ ಐತಪ್ಪ’ ಎನ್ನುವವರಿಗೆ ಐದರಲ್ಲಿ ಎಷ್ಟು ಗುರುತು ಹಾಕುತ್ತೀರಿ?

ಇದು ಬರೀ ಪಂಡಿತರ ಚರ್ಚೆಯಾಗಿದ್ದರೆ ಬಿಡಬಹುದಿತ್ತು. ಯಾವ ಔಷಧಿಗೆ, ಯಾವ ಚಿಕಿತ್ಸೆಗೆ ಸರ್ಕಾರದ ದುಡ್ಡು ಹಾಕಬೇಕು ಎಂದು ತೂಗುವಾಗ ಈಗ ಇಂಥ ಅಂಕಗಳೂ ಲೆಕ್ಕಕ್ಕೆ ಬರುತ್ತವೆ. ಅದಕ್ಕಾಗಿ ಚಂಡೀಗಢದ ಪಿಜಿಐ ನೇತೃತ್ವದಲ್ಲಿ ಭಾರತದ್ದೇ ಆದ ಮೌಲ್ಯಪಟ್ಟಿಯೊಂದು 2022ರಲ್ಲಿ ಬಂದಿದೆ. ಅದನ್ನು ಕಟ್ಟುವ ಕ್ರಮ ವಿಚಿತ್ರ: ಇಂಥ ನೋವಿನಲ್ಲಿ ಹತ್ತು ವರ್ಷ ಬದುಕುವುದೋ, ಪೂರ್ಣ ಆರೋಗ್ಯದಲ್ಲಿ ಅದಕ್ಕಿಂತ ಕಡಿಮೆ ವರ್ಷವೋ, ಎಷ್ಟು ವರ್ಷ ಬಿಟ್ಟುಕೊಡುತ್ತೀರಿ ಎಂದು ಕೇಳುತ್ತಾರೆ. ಉತ್ತರಿಸುವವರು ಸಾಮಾನ್ಯ ಜನ, ಹೆಚ್ಚಿನವರು ಆ ಸ್ಥಿತಿಯನ್ನು ಊಹಿಸಿಕೊಂಡು ಹೇಳುವವರು. ಕಾಯಿಲೆಯಲ್ಲಿ ಬದುಕುತ್ತಿರುವವರು ತಮ್ಮ ಬದುಕಿಗೆ ಕೊಡುವ ಬೆಲೆ ಈ ಊಹೆಗಿಂತ ಹೆಚ್ಚಿರುತ್ತದೆಂದು ಎಷ್ಟೋ ಅಧ್ಯಯನಗಳು ತೋರಿಸಿವೆ. ಯಾರ ಮಾತು ಹಿಡಿಯಬೇಕು ಎಂಬ ಜಗಳ ಮುಗಿದಿಲ್ಲ. ನನ್ನ ಒಲವು ಮಾತ್ರೆ ನುಂಗುವವರ ಕಡೆಗೆ.

ಹಾಗಂತ ಇಪ್ಪತ್ತಾರು ಪ್ರಶ್ನೆಯ ಫಾರಂ ಒಂದನ್ನು ಆಶಾ ಕಾರ್ಯಕರ್ತೆಯರ ಕೈಗೆ ಕೊಟ್ಟುಬಿಟ್ಟರೆ ಆಯಿತೇ? ಅವರ ಚೀಲದಲ್ಲಿ ಫಾರಂಗಳಿಗೆ ಬರವಿಲ್ಲ, ಕೊರತೆಯಿರುವುದು ಗೌರವಧನಕ್ಕೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ವಾರ್ಡುಗಳಲ್ಲಿ ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಕ್ಲಿನಿಕ್ಕುಗಳು ತೆರೆದಾಗ ವೇಳೆ ಬೆಳಗ್ಗೆ 9ರಿಂದ ಸಂಜೆ 4.30 ಎಂದಿತ್ತು. ಗಾರೆ ಕೆಲಸದವರು, ಮನೆಗೆಲಸದವರು, ಗಾರ್ಮೆಂಟ್ಸ್‌ಗೆ ಹೋಗುವವರು ಕೆಲಸದಲ್ಲಿರುವ ಹೊತ್ತೇ ಅದು. ರಾತ್ರಿ ಎಂಟರವರೆಗೆ ತೆರೆದಿಟ್ಟರೆ, ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಟ್ಟರೆ, ಕೆ.ಆರ್. ಪುರದ ಸಂತೆ ಬೀದಿಯಲ್ಲೋ ಹಲಸೂರಿನ ಗಲ್ಲಿಯಲ್ಲೋ ಇರುವ ಶುಗರ್ ರೋಗಿಯ ಜೀವನದ ಗುಣಮಟ್ಟಕ್ಕೆ ಅದರಷ್ಟು ಉಪಕಾರ ಇನ್ನೊಂದಿಲ್ಲ. ಎಚ್‌ಐವಿಯ ಕೌಂಟರಿನಲ್ಲಿ ಸ್ಥಿರವಾಗಿರುವವರಿಗೆ ಹೀಗೆ ತಿಂಗಳುಗಟ್ಟಲೆ ಮಾತ್ರೆ ಕೊಡುವ ಪದ್ಧತಿ ಬಂದಿದೆ. ಬಿಪಿ, ಶುಗರ್‌ಗೆ ಯಾಕಾಗದು?

ಅಷ್ಟು ಬಿಟ್ಟರೆ ಡಾಕ್ಟರು ಎರಡು ಪ್ರಶ್ನೆ ಕೇಳಿದರೆ ಸಾಕು: ಕಳೆದ ತಿಂಗಳು ಎಷ್ಟು ದಿನ ಮಾತ್ರೆ ತಪ್ಪಿತು, ಯಾಕೆ ತಪ್ಪಿತು? ಇವತ್ತು ಇಲ್ಲಿಗೆ ಬರಲು ಎಷ್ಟು ಕೂಲಿ ಹೋಯಿತು? ಶುಗರ್ ಅಂಕಿಯ ಪಕ್ಕದಲ್ಲಿ ಇವನ್ನೂ ಬರೆದಿಟ್ಟರೆ ಒಂದು ವರ್ಷದಲ್ಲಿ ವಾರ್ಡಿನ ಚಿತ್ರ ಸಿಗುತ್ತದೆ. ಕೆ.ಜಿ. ಹಳ್ಳಿಯ ಮನೆಮನೆ ಸಮೀಕ್ಷೆ ನಡೆದು ಹದಿನೈದು ವರ್ಷ ದಾಟಿತು. ಆಗ ನಲವತ್ತರ ಹೊಸ್ತಿಲಲ್ಲಿದ್ದು ‘ನಮಗೇನಿಲ್ಲ’ ಎಂದಿದ್ದವರಿಗೆ ಈಗ ಐವತ್ತೈದು. ಅವರಲ್ಲಿ ಎಷ್ಟು ಜನರ ಬಳಿ ಈಗ ಶುಗರ್ ಚೀಟಿ ಇದೆ, ಎಷ್ಟು ಮನೆ ಆ ಹತ್ತನೇ ಒಂದು ಪಾಲಿನ ಗೆರೆ ದಾಟಿದೆ ಎಂದು ನೋಡಲು ಪಾಲಿಕೆಯವರೋ ಆರೋಗ್ಯ ಇಲಾಖೆಯವರೋ ಆ 9,299 ಬಾಗಿಲುಗಳನ್ನು ಇನ್ನೊಮ್ಮೆ ತಟ್ಟಬೇಕು.